ಗುರುಪಾದಪ್ಪನ ಕರ್ಪೂರದ ಡಬ್ಬಿ

ಮೊದಲ ಮಾತುಕತೆ ಕೂಡಿಬರಲು ಮೂರು ಶುಕ್ರವಾರಗಳು ಹಿಡಿದವು. ಕತಾರಿನಲ್ಲಿ ದುಡಿಯುವ ಕನ್ನಡಿಗರ ಬದುಕನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸ ನಡೆದಿದೆ ಎಂಬ ಸುದ್ದಿಯನ್ನು ಗುರುಪಾದಪ್ಪನಿಗೆ ಮುಟ್ಟಿಸಿದವರು ಸೀನಪ್ಪ. ಕಾರ್ಕಳದ ಕಡೆಯವರಾದ ಸೀನಪ್ಪ ಒಂದು ಗುತ್ತಿಗೆ ಕಂಪನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಗುರುಪಾದಪ್ಪ ಅದೇ ಕಂಪನಿಯ ಕೂಲಿಗಾರರಲ್ಲಿ ಒಬ್ಬ. ಮೊದಲ ಶುಕ್ರವಾರ ಅವನು, "ನನ್ನದೇನ್ ಕಥಿ ಐತ್ರಿ ಸೀನಪ್ಪಣ್ಣ, ಕೇಳೂದಿದ್ರ ಇಂಜಿನಿಯರ್ ಸಾಹೇಬರನ್ನ ಕೇಳ್ಲಿ" ಎಂದು ಜಾರಿಕೊಂಡ. ಎರಡನೆಯ ಶುಕ್ರವಾರ ತಲೆನೋವೆಂದ. ಮೂರನೆಯ ಸಲ ಒಪ್ಪಿದ, ಒಂದು ಷರತ್ತಿನ ಮೇಲೆ: ತನ್ನ ಊರಿನ ನಿಂಗರಾಜನೂ ಜೊತೆಗೆ ಕೂರಬೇಕು. ಕಾರಣವನ್ನೂ ಅವನೇ ಹೇಳಿದ. "ಅವ ಇಲ್ಲದಿದ್ರ ನಾ ನನಗ ಬೇಕಾದಂಗ ಹೇಳ್ತೀನ್ರಿ. ಮನಷಾ ಅಷ್ಟ."

ಹೀಗೆ 1998ರ ಫೆಬ್ರವರಿ 20ರಂದು, ಜುಮ್ಮಾ ನಮಾಜು ಮುಗಿದು ರಸ್ತೆಗಳು ಮತ್ತೆ ತುಂಬತೊಡಗಿದ ಹೊತ್ತಿಗೆ, ದೋಹಾದ ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡವೊಂದರಲ್ಲಿದ್ದ ಸೀನಪ್ಪನವರ ಮನೆಗೆ ಇಬ್ಬರೂ ಬಂದರು. ಗುರುಪಾದಪ್ಪನಿಗೆ ನಲವತ್ತು ದಾಟಿತ್ತು. ಜಮಖಂಡಿ ತಾಲ್ಲೂಕಿನವನು, ತೆಳ್ಳಗಿನ ಮೈ, ಹಣೆಯ ಮೇಲೆ ಬೆಳಗಿನ ವಿಭೂತಿಯ ಮಸುಕು ಗೆರೆ. ನಿಂಗರಾಜ ಅದೇ ಊರಿನ ಹುಡುಗ, ಫಿಟ್ಟರ್, ಅವನಿಗಿಂತ ಹತ್ತು ವರ್ಷ ಚಿಕ್ಕವನು; ರಕ್ತಸಂಬಂಧವಿಲ್ಲದಿದ್ದರೂ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದ. ಹೊಸ್ತಿಲು ದಾಟಿದ ಗುರುಪಾದಪ್ಪ ನಿಂತು, ಗಾಳಿಯನ್ನು ಒಮ್ಮೆ ಒಳಕ್ಕೆಳೆದುಕೊಂಡು, ಸೀನಪ್ಪನವರ ಹೆಂಡತಿ ಪೂವಕ್ಕನನ್ನು ಕೇಳಿದ:

"ಕರ್ಪೂರ ಹಚ್ಚೀರೇನ್ರಿ ಅಕ್ಕಾರ?"

"ಹೌದಪ್ಪ, ಈಗಷ್ಟೇ ದೇವರಿಗೆ ಆರತಿ ಎತ್ತಿದ್ದು."

ನಿಂಗರಾಜ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದ. ಗುರುಪಾದಪ್ಪ ಚಪ್ಪಲಿ ಬಿಡುತ್ತ ತಾನೂ ನಕ್ಕ. ನಕ್ಕದ್ದೇಕೆಂದು ಪೂವಕ್ಕ ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ಬಂದದ್ದೇ ಈ ವೃತ್ತಾಂತ. ಗುರುಪಾದಪ್ಪ ಹೇಳುತ್ತಾ ಹೋದಂತೆ ನಿಂಗರಾಜ ಅಲ್ಲಲ್ಲಿ ತಡೆದು ತಿದ್ದಿದ. ಇಬ್ಬರೂ ಒಪ್ಪಿದ್ದನ್ನು ಮಾತ್ರ ಇಲ್ಲಿ ಉಳಿಸಿಕೊಳ್ಳಲಾಗಿದೆ. ಅವರು ದುಡಿಯುತ್ತಿದ್ದ ಅನಿಲ ಘಟಕದ ಹೆಸರನ್ನು ಬಿಡಲಾಗಿದೆ.

ಗುರುಪಾದಪ್ಪ ಕತಾರಿಗೆ ಬಂದದ್ದು ಕೊಲ್ಲಿ ಯುದ್ಧ ಮುಗಿದ ಮರುವರ್ಷ. ಮುಐದರ್‌ನಲ್ಲಿ ಕಂಪನಿ ಬಾಡಿಗೆಗೆ ಹಿಡಿದಿದ್ದ ವಿಲ್ಲಾದ ಒಂದು ಕೋಣೆಯಲ್ಲಿ ಅವನ ಮಂಚ. ಬೆಳಗಾಗುವ ಮೊದಲೇ ಬಸ್ಸು ಬಂದು ಕಡಲ ದಂಡೆಯ ಘಟಕಕ್ಕೆ ಒಯ್ಯುತ್ತಿತ್ತು. ಪೈಪು ಹೊರುವುದು, ಹಗ್ಗ ಹಿಡಿಯುವುದು, ಪೈಪು ಜೋಡಿಸುವ ಫ್ಲ್ಯಾಂಜು ಉಜ್ಜುವುದು ಮೊದಲ ವರ್ಷಗಳ ಕೆಲಸ. ಅವನು ಅವಸರದವನಲ್ಲ, ಹೇಳಿದಲ್ಲಿ ನಿಲ್ಲುವವನು ಎಂಬುದನ್ನು ಗಮನಿಸಿದ ಫೋರ್‌ಮನ್ ಅಲಿ 1995ರ ಬೇಸಿಗೆಯಲ್ಲಿ ಅವನನ್ನು ಹೋಲ್‌ವಾಚ್ ಮಾಡಿದ. ಅಲಿ ಪಾಕಿಸ್ತಾನದವನು, ಗಟ್ಟಿ ದನಿಯವನು. ಹೋಲ್‌ವಾಚ್ ಎಂದರೆ ಬಾಯಿಯ ಕಾವಲು. ವರ್ಷಕ್ಕೊಮ್ಮೆ ಘಟಕವನ್ನು ನಿಲ್ಲಿಸಿ ದುರಸ್ತಿ ಮಾಡುವಾಗ ದೊಡ್ಡ ಉಕ್ಕಿನ ಪಾತ್ರೆಗಳೊಳಗೆ ಜನ ಇಳಿಯುತ್ತಾರೆ. ಒಳಹೋಗುವವನು ತನ್ನ ಹೆಸರಿನ ಬಿಲ್ಲೆಯನ್ನು ಕಾವಲಿನವನ ಕೈಗೆ ಕೊಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೈ ಹಿಡಿಸುವಷ್ಟೇ ಅಗಲದ ದುಂಡು ಬಾಯಿಯಿಂದ ಇಳಿಯುತ್ತಾನೆ. ಕಾವಲಿನವನು ಹಗ್ಗದ ತುದಿ ಹಿಡಿದು ಹೊರಗೆ ನಿಲ್ಲುತ್ತಾನೆ. ಅವನಿಗಿರುವುದು ಎರಡೇ ನಿಯಮ: ಏನೇ ಆದರೂ ಒಳಗೆ ಇಳಿಯಬಾರದು; ಕೊಟ್ಟ ಬಿಲ್ಲೆಯನ್ನು ಮರಳಿಸುವವರೆಗೆ ಆ ಬಾಯಿಯ ಬಳಿಯಿಂದ ಕದಲಬಾರದು.

ಈ ಕೆಲಸಕ್ಕೆ ಮೊದಲು ಸುರಕ್ಷತೆಯ ತರಗತಿ ನಡೆಯಿತು. ಹಿಂದಿಯಲ್ಲಿ ಪಾಠ ಹೇಳಿದಾತ ವಿಷಾನಿಲದ ಬಗ್ಗೆ ಎರಡು ಮಾತು ಹೇಳಿದ. ಸ್ವಲ್ಪ ಸೋರಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚು ಸೋರಿದರೆ ಅದು ಮೂಗನ್ನೇ ಸಾಯಿಸುತ್ತದೆ, ಆಗ ಯಾವ ವಾಸನೆಯೂ ಬರುವುದಿಲ್ಲ. ಆದ್ದರಿಂದ ಮೂಗನ್ನು ನಂಬಬೇಡಿ, ಕಾಲರಿಗೆ ಸಿಕ್ಕಿಸಿದ ಮೀಟರನ್ನು ನಂಬಿ.

ಹುಟ್ಟಿದಾರಭ್ಯ ಮೊಟ್ಟೆ ಮುಟ್ಟದ ಮನೆಯಲ್ಲಿ ಬೆಳೆದ ಗುರುಪಾದಪ್ಪನಿಗೆ ತೊಡಕಾದದ್ದು ಮೊದಲ ಮಾತು. ಆ ದಿನ ಬಸ್ಸಿನಲ್ಲಿ ಅವನು ನಿಂಗರಾಜನ ಕಿವಿಯಲ್ಲಿ ಕೇಳಿದ:

"ಲೇ ನಿಂಗ್ಯಾ, ಕೊಳತ ತತ್ತಿ ಹೆಂಗ ನಾರ್ತೈತಿ?"

"ಕೊಳತ ತತ್ತಿ ನಾರಿದಂಗ ನಾರ್ತೈತಿ, ಕಾಕಾ."

"ಚಾಷ್ಟಿ ಬ್ಯಾಡೋ. ನಾ ಛಲೋ ತತ್ತಿ ವಾಸನೀನೂ ನೋಡಿಲ್ಲ."

ನಿಂಗರಾಜನಿಗೆ ಅಯ್ಯೋ ಎನಿಸಿತು. ಬಕಾಲೆ ಎಂಬ ಕಿರಾಣಿ ಅಂಗಡಿಯಿಂದ ಒಂದು ಮೊಟ್ಟೆ ತಂದು, ಬಿರುಕು ಬಿಡಿಸಿ, ಹಾಲಿನ ಪುಡಿಯ ಖಾಲಿ ಡಬ್ಬದಲ್ಲಿ ಹಾಕಿ, ವಿಲ್ಲಾದ ಹಿಂಗೋಡೆಯ ಮೇಲೆ ಜುಲೈ ತಿಂಗಳ ಬಿಸಿಲಿಗೆ ಇಟ್ಟ. ಅದು ಹದಕ್ಕೆ ಬಂದ ದಿನ ಡಬ್ಬ ತೆರೆದು ಗುರುಪಾದಪ್ಪನ ಮೂಗಿಗೆ ಹಿಡಿದ. ಗುರುಪಾದಪ್ಪ ಓಡಿಹೋಗಿ ಖರ್ಜೂರದ ಗಿಡದ ಬುಡದಲ್ಲಿ ವಾಂತಿ ಮಾಡಿದ. ಪಕ್ಕದ ಕೋಣೆಯ ಮಲಯಾಳಿಗಳು ಬಂದು ಬೈದರು. "ಪಾಠ ಪಕ್ಕಾ ಆತು" ಎಂದು ನಿಂಗರಾಜ ಡಬ್ಬವನ್ನು ಮರಳಿನಲ್ಲಿ ಹೂತ.

ಮೊದಲ ಮಾತಿನ ತೊಡಕು ಹೀಗೆ ಬಗೆಹರಿಯಿತು, ಎರಡನೆಯದು ಉಳಿಯಿತು. ವಾಸನೆ ಬಂದರೆ ತಿಳಿಯುತ್ತದೆ, ಸರಿ. ಬಾರದಿದ್ದರೆ? ವಾಸನೆ ಬರುತ್ತಿಲ್ಲವೆಂದರೆ ಗಾಳಿ ಚೊಕ್ಕಟವಾಗಿದೆ ಎಂದು ತಿಳಿಯಬೇಕೋ, ಮೂಗು ಸತ್ತಿದೆ ಎಂದು ತಿಳಿಯಬೇಕೋ? ಈ ಪ್ರಶ್ನೆ ಅವನ ತಲೆಯೊಳಗೆ ಬಂದು ಕೂತಿತು. ಕಾಲರಿನ ಮೀಟರು ಅದಕ್ಕೆ ಉತ್ತರವಾಗಲಿಲ್ಲ. ಬ್ಯಾಟರಿಯ ಮೇಲೆ ನಡೆಯುವ ವಸ್ತು, ಅದರ ಮಾತಿಗೆ ಪ್ರಾಣ ಒತ್ತೆ ಇಡುವುದೆಂತು ಎನಿಸಿತು. ಅವನಿಗೆ ಬೇಕಾದದ್ದು ತನ್ನ ಮೂಗು ಬದುಕಿದೆ ಎಂಬುದಕ್ಕೆ ಸಾಕ್ಷಿ. ಬಸ್ಸಿನಲ್ಲಿ ಮುಂದಿನ ಸೀಟಿನವನ ತಲೆಯ ಕೊಬ್ಬರಿ ಎಣ್ಣೆಯನ್ನು ಮೂಸಿದ. ಮೆಸ್ಸಿನಲ್ಲಿ ಹಸಿ ಈರುಳ್ಳಿ ಮೂಸಿದ, ಕೈ ತೊಳೆದ ಮೇಲೆ ಸೋಪು ಮೂಸಿದ. ಆದರೆ ಘಟಕದ ಬಯಲಿನಲ್ಲಿ ಉಕ್ಕು, ಮರಳು, ಉಪ್ಪುಗಾಳಿ ಇವಿಷ್ಟೇ. ಅಲ್ಲಿ ಮೂಸುವುದಕ್ಕೇನಿದೆ?

ಆಗ ನೆನಪಾದದ್ದು ಕರ್ಪೂರ. ಶಿವರಾತ್ರಿಗೆಂದು ಹೆಂಡತಿ ಸುವರ್ಣಾ ಟ್ರಂಕಿನಲ್ಲಿ ಇಟ್ಟು ಕಳಿಸಿದ್ದು ಉಳಿದಿತ್ತು. ಖಾಲಿಯಾಗಿದ್ದ ಚಿಕ್ಕ ವಿಭೂತಿ ಡಬ್ಬಿಗೆ ಒಂದೆರಡು ಹರಳು ಹಾಕಿ ಅಂಗಿಯ ಜೇಬಿಗೆ ಇಳಿಬಿಟ್ಟ. ಗೇಟಿನಲ್ಲಿ ಬೆಂಕಿಪೆಟ್ಟಿಗೆ, ಲೈಟರು ಹುಡುಕುತ್ತಿದ್ದ ಕಾವಲುಗಾರರು ಆ ಡಬ್ಬಿಯನ್ನು ದೇವರ ಸಾಮಾನೆಂದು ಬಿಟ್ಟುಬಿಟ್ಟರು. ಹೊತ್ತಿಕೊಳ್ಳುವ ವಸ್ತುವನ್ನು ಅನಿಲ ಘಟಕದೊಳಗೆ ಒಯ್ಯುತ್ತಿದ್ದೇನೆಂಬುದು ಅವನಿಗೂ ಹೊಳೆಯಲಿಲ್ಲ. ಅವನ ಪಾಲಿಗೆ ಅದು ಅಳತೆಗೋಲು. ಅನುಮಾನ ಬಂದಾಗ ಡಬ್ಬಿ ತೆರೆಯುವುದು, ಮೂಸುವುದು, ಘಾಟು ನೆತ್ತಿಗೇರಿದರೆ ಮೂಗು ಬದುಕಿದೆ. ಮೊದಲ ದಿನ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮೂಸಿದ. ಮೂಸಿದ ಕೂಡಲೇ ಎದೆ ಹಗುರಾಗುತ್ತಿತ್ತು. ಹಾಗೆ ಹಗುರಾದದ್ದೇ ಮತ್ತೆ ಮತ್ತೆ ಡಬ್ಬಿಯ ಕಡೆ ಕೈ ಎಳೆಯಿತು. ಸೆಪ್ಟೆಂಬರಿನ ಹೊತ್ತಿಗೆ ಕೈ ಜೇಬು ಬಿಟ್ಟು ಇರಲಾರದಂತಾಯಿತು.

ಅನುಮಾನದ ಹಿಂದೆ ಒಂದು ಚಿತ್ರವೂ ಕಟ್ಟಿಕೊಂಡಿತು, ಪ್ರತಿಸಲವೂ ಅದೇ. ಊರಿನ ಬೋರಿನ ಹತ್ತಿರ ಸುವರ್ಣಾ ಕೊಡ ತುಂಬುತ್ತಿದ್ದಾಳೆ. ಎಸ್‌ಟಿಡಿ ಬೂತಿನವನು ಓಡಿಬರುತ್ತಾನೆ: "ಸುವರ್ಣವ್ವಾ, ಕತಾರದಿಂದ ಫೋನ್." ಅವಳು ಕೊಡ ಕೆಳಗಿಡುತ್ತಾಳೆ. ಅಲ್ಲಿಂದ ಮುಂದಕ್ಕೆ ಚಿತ್ರ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಅವನು ಡಬ್ಬಿ ತೆರೆದಿರುತ್ತಿದ್ದ. ಶುಕ್ರವಾರದ ಫೋನಿನಲ್ಲಿ ಅವಳಿಗೆ ಇದಾವುದನ್ನೂ ಹೇಳಲಿಲ್ಲ. ಬಿಸಿಲು ಹೆಚ್ಚು ಎಂದಷ್ಟೇ ಹೇಳಿದ.

1995ರ ಅಕ್ಟೋಬರಿನಲ್ಲಿ ಶಟ್‌ಡೌನ್, ಅಂದರೆ ವರ್ಷದ ದುರಸ್ತಿ, ಬಂತು. ತೊಳೆದು, ಗಾಳಿ ಹಾಯಿಸಿ, ಪರೀಕ್ಷಿಸಿದ ಒಂದು ಪಾತ್ರೆಗೆ ನಿಂಗರಾಜ ಬೋಲ್ಟು ಬಿಗಿಯಲು ಇಳಿದ. ಬಾಯಲ್ಲಿ ಗುರುಪಾದಪ್ಪ. ಬೆಳಿಗ್ಗೆಯಿಂದ ಎಷ್ಟು ಸಲ ಡಬ್ಬಿ ತೆರೆದನೋ ಅವನಿಗೇ ಲೆಕ್ಕವಿಲ್ಲ. ಹೊತ್ತೇರಿದ ಮೇಲೆ ಮತ್ತೊಮ್ಮೆ ತೆರೆದು ಮೂಸಿದ. ಘಾಟು ಬರಲಿಲ್ಲ. ಮೂಗಿಗೆ ಒತ್ತಿ ಹಿಡಿದು ಎಳೆದುಕೊಂಡ. ಏನೂ ಇಲ್ಲ. ಮೀಟರು ಸುಮ್ಮನಿತ್ತು, ಅವನು ಅದರ ಕಡೆ ನೋಡಲೇ ಇಲ್ಲ. ಗಂಟಲು ಕಟ್ಟಿತು, ಮೊಣಕಾಲು ಸಡಿಲವಾಯಿತು, ಕಣ್ಣ ಮುಂದೆ ಸುವರ್ಣಾ ಕೊಡ ಕೆಳಗಿಟ್ಟಳು. ಕೈಯಲ್ಲಿದ್ದ ಎಚ್ಚರಿಕೆಯ ಹಾರ್ನ್ ಒತ್ತಿದ, ಹಗ್ಗ ಬಿಟ್ಟ, ಹೊರಗಿನ ಏಣಿ ಇಳಿದು ಗಾಳಿಗೆ ಅಡ್ಡಲಾಗಿ ಓಡಿದ.

ಈ ಹಂತದಲ್ಲಿ ನಿಂಗರಾಜ ಟೀ ಲೋಟ ಕೆಳಗಿಟ್ಟ. "ಇದನ್ನ ನಾ ಹೇಳ್ತೀನಿ. ಹಾರ್ನ್ ಕೇಳ್ತು. ಹಗ್ಗ ಎಳದ್ರ ಸಡ್ಲ ಬಂತು, ಅತ್ಲಾಗ ಹಿಡಿದವರ ಇಲ್ಲ. ಕತ್ತಲದಾಗ ಏಣಿ ತಡಕಾಡಿ ಮ್ಯಾಲ ಬಂದ್ನಿ. ಬಾಯಾಗ ಯಾರೂ ಇಲ್ರಿ. ಕಾಕಾನ ಹೆಲ್ಮೆಟ್ ಒಂದ ಬಿದ್ದಿತ್ತು."

ಆ ದಿನ ಎಲ್ಲಿಯೂ ಅನಿಲ ಸೋರಿರಲಿಲ್ಲ. ಘಟಕದ ಆ ಭಾಗದ ಕೆಲಸವೆಲ್ಲ ನಿಂತು, ಮರುಪರೀಕ್ಷೆ ನಡೆದು, ಊಟದ ಹೊತ್ತಿಗೆ ಮತ್ತೆ ಆರಂಭವಾಯಿತು. ಅಲಿ ಡಬ್ಬಿಯನ್ನು ಕಂಡು, ತೆರೆದು, ಮೂಸಿ, ಮುಖ ಹಿಂದಕ್ಕೆಳೆದುಕೊಂಡ. ಅವನಿಗೆ ಘಾಟು ನೆತ್ತಿಗೇರಿತ್ತು. "ಇದನ್ನು ಇನ್ನು ಗೇಟಿನೊಳಗೆ ತಂದರೆ ಖಲಾಸ್, ಅದೇ ದಿನ ವಿಮಾನ" ಎಂದು ಹಿಂದಿಯಲ್ಲಿ ಹೇಳಿ ಗುರುಪಾದಪ್ಪನನ್ನು ಪೈಪ್ ಯಾರ್ಡಿಗೆ ಕಳಿಸಿದ, ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಲು. ವಿಲ್ಲಾದಲ್ಲಿ ಅವನಿಗೆ ಕರ್ಪೂರಪ್ಪ ಎಂಬ ಹೆಸರು ಬಿತ್ತು. ಅವನು ಸ್ನಾನಕ್ಕೆ ಹೋದರೆ, "ಮಂಗಳಾರತಿ ಆತೇನ್ರಪಾ?" ಎಂದು ಯಾರಾದರೂ ಕೂಗುತ್ತಿದ್ದರು.

ನಿಂಗರಾಜ ಮಾತ್ರ ಕೂಗಲಿಲ್ಲ, ನಗಲಿಲ್ಲ. ಇಬ್ಬರೂ ಅದುವರೆಗೆ ಒಂದೇ ಹಿಟ್ಟಿನ ಡಬ್ಬದಿಂದ ರೊಟ್ಟಿ ಬಡಿದು ತಿನ್ನುತ್ತಿದ್ದರು. ಆ ಸಂಜೆ ನಿಂಗರಾಜ ತನ್ನ ಪಾಲಿನ ಜೋಳದ ಹಿಟ್ಟನ್ನು ಬೇರೆ ಡಬ್ಬಕ್ಕೆ ಸುರಿದುಕೊಂಡು ಪಕ್ಕದ ಕೋಣೆಯವರೊಂದಿಗೆ ಅಡುಗೆಗೆ ಕೂಡಿಕೊಂಡ. ಗುರುಪಾದಪ್ಪ ಬಾಗಿಲಲ್ಲಿ ನಿಂತು, "ತಪ್ಪಾತೋ ನಿಂಗ್ಯಾ, ಗ್ಯಾಸ್ ಐತಿ ಅಂತ ತಿಳಿದ್ನಿ" ಎಂದ.

"ಐತಿ ಅಂತ ತಿಳಿದಿ. ತಿಳಿದು ಓಡಿದಿ. ಖರೇನ ಇದ್ದಿದ್ರ ನಾ ಎಲ್ಲಿ ಇರತಿದ್ದೆ, ಕಾಕಾ?"

 ತಾನು ಯಾರ್ಡಿನಲ್ಲೇ ಉಳಿದರೂ ಕೂಳಿಗೆ ಕೊರತೆಯಿಲ್ಲವೆಂದು ಗುರುಪಾದಪ್ಪನಿಗೆ ಗೊತ್ತಿತ್ತು. ಆದರೆ ನಿಂಗರಾಜ ಇಳಿಯುವ ಬಾಯಲ್ಲಿ ಮತ್ತೊಮ್ಮೆ ನಿಲ್ಲದೆ ಊರಿಗೆ ಹೋದರೆ ಆ ಹುಡುಗನ ತಾಯಿಯ ಎದುರು ಯಾವ ಮುಖ ಇಟ್ಟುಕೊಂಡು ಹೋಗುವುದು ಎಂಬ ಚಿಂತೆ ಅಂದಿನಿಂದ ಅವನಲ್ಲಿ ನೆಲೆನಿಂತಿತು.

ಡಬ್ಬಿ ಗೇಟಿನ ಹೊರಗೆ ಉಳಿದರೂ ಹೆದರಿಕೆ ಹೊರಗೆ ಉಳಿಯಲಿಲ್ಲ. ಅದು ಒಳಕ್ಕೂ ಬಂತು. ತುಕ್ಕು ಉಜ್ಜುತ್ತಿದ್ದವನ ಉಸಿರು ಹಠಾತ್ತನೆ ಸಿಕ್ಕಿಕೊಳ್ಳುತ್ತಿತ್ತು. ಎರಡು ಸಲ ಹಾಗಾದ ಮೇಲೆ ಅವನನ್ನು ಕಂಪನಿಯ ಕ್ಲಿನಿಕ್ಕಿಗೆ ಕಳಿಸಿದರು. ಡಾಕ್ಟರು ಎದೆ ನೋಡಿ, ಎದೆಗೇನೂ ಆಗಿಲ್ಲವೆಂದು ಹೇಳಿ ಮುಂದಿನವನನ್ನು ಕರೆದರು. ಬಾಗಿಲ ಬಳಿ ಅವನನ್ನು ತಡೆದು ಕೂರಿಸಿದವರು ನರ್ಸ್ ಡೊರೊತಿ. ಅವರು ಮಂಗಳೂರಿನವರು, ಮನೆಮಾತು ಕೊಂಕಣಿ, ಕೊಲ್ಲಿಗೆ ಬಂದು ಹದಿನೈದು ವರ್ಷವಾಗಿತ್ತು. ಅವರು ಕರ್ಪೂರದ ಕಥೆಯನ್ನು ಆಗಲೇ ಕೇಳಿದ್ದರು. ಕ್ಯಾಂಪಿನಲ್ಲಿ ಅದನ್ನು ಕೇಳದವರೇ ಇರಲಿಲ್ಲ.

"ನೀವು ಬಾಗಿಲು ತೆಗೆದು ಒಳಗೆ ಬರುವಾಗ ಇಲ್ಲಿ ಎಂತದ್ದಾದರೂ ವಾಸನೆ ಬಂತಾ?" ಎಂದು ಕೇಳಿದರು.

"ಬಂತ್ರಿ ಸಿಸ್ಟರ್. ಡೆಟ್ಟಾಲ್."

"ಈಗ ಬರ್ತದಾ?"

ಅವನು ಮೂಸಿದ. ಇನ್ನೊಮ್ಮೆ ಮೂಸಿದ. "ಇಲ್ರಿ."

"ಹಾಗಾದ್ರೆ ನನ್ನ ಕ್ಲಿನಿಕ್ಕಿನಲ್ಲಿ ಗ್ಯಾಸ್ ಉಂಟಾ? ಓಡುವನಾ ಇಬ್ರೂ?"

ಗುರುಪಾದಪ್ಪ ನಗಬೇಕೋ ಬೇಡವೋ ತಿಳಿಯದೆ ಕೂತ. ಡೊರೊತಿ ಹತ್ತಿಯ ಉಂಡೆಗಳನ್ನು ಡಬ್ಬಕ್ಕೆ ತುಂಬುತ್ತಲೇ ಹೇಳಿದರು: ಒಂದೇ ವಾಸನೆಯನ್ನು ತುಂಬ ಹೊತ್ತು ತೆಗೆದುಕೊಂಡರೆ ಮೂಗು ಅದನ್ನು ಬಿಟ್ಟುಬಿಡುತ್ತದೆ, ಎಲ್ಲರ ಮೂಗೂ ಹಾಗೇ. ತರಗತಿಯವರು ಹೇಳಿದ್ದೂ ಸುಳ್ಳಲ್ಲ. "ಅವರು ಮೂಗನ್ನು ನಂಬಬೇಡಿ ಅಂದ್ರು. ನೀವು ಎಂತ ಮಾಡಿದ್ರಿ ಮಾರಾಯ್ರೆ? ಮೀಟರ್ ಬಿಟ್ಟು ಮೂಗನ್ನೇ ಹಿಡ್ಕೊಂಡು ಕೂತ್ರಿ."

ಅವನಿಗೆ ವಿಷಯ ಅರ್ಥವಾಯಿತು. ಅರ್ಥವಾದದ್ದರಿಂದ ಹೆದರಿಕೆ ನಿಲ್ಲಲಿಲ್ಲ. ಮರುವಾರ ಬಂದು ಅದನ್ನೇ ಹೇಳಿದ: "ತಲಿಗೆ ತಿಳದೈತ್ರಿ. ಎದಿಗೆ ತಿಳ್ಯಾಂಗಿಲ್ಲ."

"ಮೊದಲು ಎಂತ ಬರ್ತದೆ ಹೇಳಿ. ಎದೆ ಹೊಡ್ಕೊಳ್ಳುದಾ, ಕಾಲು ನಡುಗುದಾ?"

ಅವನು ಎದೆ ಎಂದ. ಡೊರೊತಿ ಒಪ್ಪಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಇನ್ನೊಂದು ಸಲ ಬಂದಾಗ ನೋಡಿಕೊಂಡು ಬನ್ನಿ, ಹಸು ಕರು ಹಾಕುವಾಗ ಕಾಯ್ತೀರಲ್ಲ ಹಾಗೆ ಕಾದು ನೋಡಿ, ಎಂದಷ್ಟೇ ಹೇಳಿ ಕಳಿಸಿದರು.

ಈ ಕೆಲಸ ಅವನ ಸ್ವಭಾವಕ್ಕೆ ಒಗ್ಗುವಂಥದ್ದು. ನಿಂತು ಕಾಯುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಯಾರ್ಡಿನಲ್ಲಿ ಬ್ರಷ್ಷು ಹಿಡಿದು ಹೆದರಿಕೆಯ ದಾರಿ ಕಾದ. ಕಾಯುತ್ತಿದ್ದಾಗ ಅದು ಬರಲಿಲ್ಲ. ಮರೆತಾಗ ಬಂತು, ಅವನು ನೋಡುವಷ್ಟರಲ್ಲಿ ಗಂಟಲಿಗೆ ಏರಿತ್ತು. ಹೀಗೆ ಕೆಲವು ಸಲ ಕೈತಪ್ಪಿದ ಮೇಲೆ ಒಂದು ಬೆಳಿಗ್ಗೆ ಅದು ಹುಟ್ಟುವ ಜಾಗದಲ್ಲೇ ಸಿಕ್ಕಿತು. ಮೊದಲು ಬಂದದ್ದು ಎದೆಬಡಿತವಲ್ಲ, ಒಂದು ಮಾತು. ಅವನದೇ ದನಿಯಲ್ಲಿ, ಸಣ್ಣಗೆ, ಬಸ್ಸು ತಪ್ಪಿತು ಎನ್ನುವಷ್ಟು ಸಾದಾ ರೀತಿಯಲ್ಲಿ: ವಾಸನಿ ಇಲ್ಲ. ಅದರ ಹಿಂದೆ ಗಂಟಲು, ಗಂಟಲಿನ ಹಿಂದೆ ಸುವರ್ಣಾ ಮತ್ತು ಕೊಡ, ಆಮೇಲೆ ಎದೆ, ಮೊಣಕಾಲು, ಕಡೆಗೆ ಜೇಬಿಗೆ ಹೋಗುವ ಕೈ.

"ಉಲ್ಟಾ ಐತ್ರಿ ಸಿಸ್ಟರ್," ಎಂದು ಅವನು ಕ್ಲಿನಿಕ್ಕಿನ ಬಾಗಿಲಲ್ಲೇ ನಿಂತು ಹೇಳಿದ. "ಎದಿ ಹೊಡ್ಕೊಂತೈತಿ, ಅದಕ್ಕ ಹೆದರಿಕಿ ಅಂತ ತಿಳಿದಿದ್ನಿ. ಮೊದಲ ಮಾತ್ರಿ. ನಾನ ಆಡ್ತೀನಿ, ನಾನ ಕೇಳ್ತೀನಿ, ನಾನ ಹೆದರ್ತೀನಿ."

"ಆ ಮಾತು ಸುಳ್ಳಾ?"

ಅವನು ಯೋಚಿಸಿ ಹೇಳಿದ: "ಸುಳ್ಳಲ್ರಿ. ವಾಸನಿ ಇರೂದೇ ಇಲ್ಲ ಅಲ್ಲಿ. ಆದ್ರ ಅದು ಬರೇ ಮಾತು."

ಡೊರೊತಿ ಅವನಿಂದ ಡಬ್ಬಿಯನ್ನು ಕೇಳಿ ತೆಗೆದುಕೊಂಡು ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟರು. ಬೇಕಾದಾಗ ಬಂದು ಕೇಳಬಹುದು, ಬೈಯುವುದಿಲ್ಲ ಎಂದರು. ಇನ್ನೊಂದು ಮಾತನ್ನೂ ಹೇಳಿದರು: ಹೆದರಿಕೆ ಬಂದಾಗ ಓಡಿಸಬೇಡಿ, ಕೈ ಜೇಬಿಗೆ ಹೋದರೆ ತಡೆಯಲೂ ಬೇಡಿ, ಸ್ವಲ್ಪ ಆಮೇಲೆ ಅಂತ ಹೇಳಿ, ಅಷ್ಟು ಸಾಕು. ಅವನು ಆಮೇಲೆ ಎನ್ನುವುದನ್ನು ಅಭ್ಯಾಸ ಮಾಡಿಕೊಂಡ. ಚಹದ ಗಾಡಿ ಬರಲಿ, ಆಮೇಲೆ. ಬಾಂಗು ಆಗಲಿ, ಆಮೇಲೆ. ಚಹದ ಗಾಡಿ ಬರುವಷ್ಟರಲ್ಲಿ ಹಲವು ಸಲ ಗಂಟಲು ತಾನಾಗಿ ಬಿಟ್ಟಿರುತ್ತಿತ್ತು. ಯಾವಾಗಲೂ ಅಲ್ಲ. 1996ರ ಬೇಸಿಗೆಯಲ್ಲಿ ಒಮ್ಮೆ ತಾಳಲಾರದೆ ದೋಹಾದ ಪೇಟೆಗೆ ಹೋಗಿ ಹೊಸ ಕರ್ಪೂರ ಕೊಂಡು, ಹಿಂದಿರುಗುವ ಟ್ಯಾಕ್ಸಿಯಲ್ಲೇ ಪೊಟ್ಟಣ ಹರಿದು ಮೂಸಿದ. ಟ್ಯಾಕ್ಸಿಯವನು ಕಿಟಕಿ ಇಳಿಸಿದ. ಮರುದಿನ ಆ ಪೊಟ್ಟಣವನ್ನೂ ಡೊರೊತಿಯವರ ಮೇಜಿನ ಮೇಲೆ ಇಟ್ಟ. ಅವರು ಕೊಟ್ಟ ಮಾತಿನಂತೆ ಬೈಯಲಿಲ್ಲ.

ಅದೇ ಬೇಸಿಗೆಯ ಒಂದು ಶುಕ್ರವಾರ ಸುವರ್ಣಾ ಫೋನಿನಲ್ಲಿ ಮಳೆ, ಬೆಳೆ, ಮಕ್ಕಳ ಸಾಲೆ ಎಲ್ಲ ಹೇಳಿ ಮುಗಿಸಿ, "ಮೂಗು ಹೆಂಗೈತಿ ಈಗ?" ಎಂದಳು. ನಿಂಗರಾಜನ ತಾಯಿಯ ಬಾಯಿಂದ ಸುದ್ದಿ ಊರು ಮುಟ್ಟಿತ್ತು. ಗುರುಪಾದಪ್ಪ ಬೂತಿನ ಗೋಡೆಗೆ ಒರಗಿ, ಕೊಡದ ಚಿತ್ರವನ್ನು ಮೊದಲ ಸಲ ಅವಳಿಗೆ ಹೇಳಿದ. ಅವಳು ಕೇಳಿಸಿಕೊಂಡು, "ಬೋರು ಕೆಟ್ಟು ಆರು ತಿಂಗಳಾತು. ಈಗ ನಳಾ ಬಂದೈತಿ, ಮನಿ ಮುಂದ" ಎಂದಳು. ಆಮೇಲೆ ಆ ಚಿತ್ರ ಬಂದಾಗಲೆಲ್ಲ ಅವನಿಗೆ ನಲ್ಲಿಯ ನೆನಪೂ ಬರತೊಡಗಿತು. ಚಿತ್ರ ಹೋಗಲಿಲ್ಲ, ಆದರೆ ಬಲಗುಂದಿತು ಎಂದು ಅವನ ಅಂಬೋಣ.

1997ರ ಮಾರ್ಚಿನ ಶಟ್‌ಡೌನಿಗೆ ಮೊದಲು ಗುರುಪಾದಪ್ಪ ಅಲಿಯ ಬಳಿಗೆ ಹೋಗಿ ಹೋಲ್‌ವಾಚ್ ಕೆಲಸ ಕೇಳಿದ. ಅಲಿ ಬಹಳ ಹೊತ್ತು ಅವನ ಜೇಬನ್ನೇ ನೋಡಿದ. ಕಡೆಗೆ, ಒಳಗೆ ಇಳಿಯುವವನು ಒಪ್ಪಿದರೆ ತನ್ನ ಅಡ್ಡಿಯಿಲ್ಲ, ಅವನನ್ನೇ ಕೇಳು ಎಂದ. ಮರುದಿನ ಬಸ್ಸಿನಲ್ಲಿ ಗುರುಪಾದಪ್ಪ ನಿಂಗರಾಜನ ಪಕ್ಕದ ಸೀಟಿನಲ್ಲಿ ಕೂತ. ಒಂದೂವರೆ ವರ್ಷದಿಂದ ಇಬ್ಬರ ನಡುವೆ ಬೇಕಾದಷ್ಟೇ ಮಾತು.

"ನಿನ್ನ ಬಾಯಾಗ ನಾ ನಿಂದರ್ಲೇನು?"

ನಿಂಗರಾಜ ಕಿಟಕಿಯ ಹೊರಗೆ ನೋಡುತ್ತಿದ್ದ. "ಹೆದರಿಕಿ ಹೋತೇನು?"

"ಇಲ್ಲ."

"ಮತ್ತ?"

"ಬರ್ತೈತಿ. ಬಂದ್ರ ನಿಂತಿರ್ತೀನಿ."

ಬಸ್ಸು ಗೇಟು ಮುಟ್ಟಿತು. ಇಳಿಯುವಾಗ ನಿಂಗರಾಜ, "ಹೋತು ಅಂದಿದ್ರ ಬ್ಯಾಡ ಅಂತಿದ್ದೆ" ಎಂದು ಹೇಳಿ ಮುಂದೆ ನಡೆದ.

ಮಾರ್ಚ್ 18ರ ಬೆಳಿಗ್ಗೆ ಅವನು ಬಿಲ್ಲೆಯನ್ನು ಗುರುಪಾದಪ್ಪನ ಕೈಗೆ ಕೊಟ್ಟು, ಹಗ್ಗ ಕಟ್ಟಿಸಿಕೊಂಡು ಇಳಿದ. ಗಾಳಿ ವಾಯವ್ಯದಿಂದ ಬೀಸುತ್ತಿತ್ತು. ಕಂಬದ ಮೇಲಿನ ಬಟ್ಟೆಯ ಚೀಲ ಅದನ್ನು ಹೇಳುತ್ತಿತ್ತು. ಒಳಗಿನಿಂದ ಬೋಲ್ಟು ಬಿಗಿಯುವ ಪಾನಾ ಬಡಿಯುವ ಸದ್ದು ಬರುತ್ತಿತ್ತು. ನಡುನಡುವೆ ಗುರುಪಾದಪ್ಪ ಕೂಗುತ್ತಿದ್ದ, ನಿಂಗರಾಜ ಉತ್ತರ ಕೊಡುತ್ತಿದ್ದ: "ಇದ್ದೀನಿ, ಕಾಕಾ. ನನ್ನ ಕಾಲ್ಚೀಲ ನಾರಾಕತ್ತೈತಿ, ಅದಕ್ಕೊಂದು ಹಾರ್ನ್ ಹೊಡಿ."

ಆ ಮಾತು, ಅವನದೇ ದನಿಯ ಮಾತು, ಎರಡು ಸಲ ಬಂತು. ವಾಸನಿ ಇಲ್ಲ. ಗಂಟಲು ಕಟ್ಟಿತು. ಆಮೇಲೆ ಎಂದ. ಮೀಟರು ನೋಡಿದ, ಕಂಬದ ಚೀಲ ನೋಡಿದ, ಹಗ್ಗದ ಬಿಗಿ ನೋಡಿದ. ಎರಡು ಸಲವೂ ಗಂಟಲು ಬಿಟ್ಟಿತು.

ಮೂರನೆಯ ಸಲ ಮಾತು ಬರುವ ಮೊದಲೇ ಕಾಲರಿನ ಮೀಟರು ಒಮ್ಮೆ ಚೀರಿತು.

ಒಮ್ಮೆ ಮಾತ್ರ. ಅಂಕಿ ಸೊನ್ನೆಯಲ್ಲೇ ಇತ್ತು. ಆದರೆ ಯಾವ ಸದ್ದಾದರೂ ಒಳಗಿನವನನ್ನು ಹೊರಕರೆಯಬೇಕೆಂಬುದು ಕ್ರಮ. ಆ ಕ್ಷಣದಲ್ಲಿ ಎಲ್ಲವೂ ಒಟ್ಟಿಗೆ ಬಂತು ಎಂದು ಅವನು ಹೇಳಿದ: ಮಾತು, ಗಂಟಲು, ಕೊಡ, ಎದೆ, ಮೊಣಕಾಲು. ಕೈ ಜೇಬಿಗೆ ಹೋಗಿ ಬರಿದಾದ ಬಟ್ಟೆಯನ್ನು ಹಿಡಿಯಿತು. ಇನ್ನೊಂದು ಕೈಯಲ್ಲಿದ್ದ ಹಾರ್ನ್ ಒತ್ತಿದ. ಅಲ್ಲಿಯವರೆಗೆ ನಡೆದದ್ದೆಲ್ಲ ಅಕ್ಟೋಬರಿನಲ್ಲಿ ನಡೆದಂತೆಯೇ. ಏಣಿ ಅವನ ಎಡಗಡೆಗಿತ್ತು, ಅದೂ ಅಂದಿನಂತೆಯೇ. ಅವನು ಜೇಬಿನಿಂದ ಕೈ ತೆಗೆದು ಬಾಯಿಯ ಉಕ್ಕಿನ ಅಂಚನ್ನು ಹಿಡಿದುಕೊಂಡ. ಬಿಸಿಲಿಗೆ ಅಂಚು ಕಾದಿತ್ತು. "ನಿಂಗ್ಯಾ, ಮ್ಯಾಲ ಬಾ! ಹಗ್ಗ ನನ್ನ ಕೈಯಾಗ ಐತಿ, ಬಾ!" ಎಂದು ಒಳಕ್ಕೆ ಕೂಗಿದ. ಹಗ್ಗವನ್ನು ಸಡಿಲಾಗದಂತೆ ಎಳೆದುಕೊಳ್ಳುತ್ತ ಹೋದ. ಹಳದಿ ಹೆಲ್ಮೆಟ್ಟು ಕಂಡಿತು, ಆಮೇಲೆ ಕಣ್ಣು, ಆಮೇಲೆ ಭುಜ. ಭುಜವನ್ನು ಹಿಡಿದು ಹೊರಗೆಳೆದ. ಬಿಲ್ಲೆಯನ್ನು ಅವನ ಕೈಯಲ್ಲಿಟ್ಟ. ಬಳಿಕ ಇಬ್ಬರೂ ಏಣಿ ಇಳಿದು ಗಾಳಿಗೆ ಅಡ್ಡಲಾಗಿ ನಡೆದರು.

ಅಲಿ ಬೇರೆ ಮೀಟರುಗಳೊಂದಿಗೆ ಬಂದು ಹೊರಗೂ ಒಳಗೂ ಗಾಳಿ ಪರೀಕ್ಷಿಸಿದ. ಎಲ್ಲ ಚೊಕ್ಕಟವಿತ್ತು. ಗುರುಪಾದಪ್ಪನ ಮೀಟರನ್ನು ತಿರುಗಿಸಿ ನೋಡಿ, "ಬ್ಯಾಟರಿ ಖಲಾಸ್" ಎಂದು ಹೊಸದನ್ನು ಸಿಕ್ಕಿಸಿದ.  "ಯಲ್ಲಾ, ಕೆಲಸ" ಎಂದು ಹೋದ.

ನಿಂಗರಾಜ ನೆರಳಿನಲ್ಲಿ ಕೂತು ನೀರು ಕುಡಿದ. ಬಾಟಲಿಯನ್ನು ಮುಂದೆ ಚಾಚುತ್ತ ಕೆಳಗೆ ನೋಡಿದ. "ಕಾಲು ನಡಗಾಕತ್ತಾವಲ್ಲ, ಕಾಕಾ."

"ಹೂಂ. ನಡಗಾಕತ್ತಾವ."

"ನಡಗ್ಲಿ ಬಿಡು. ಕೈ ಗಟ್ಟಿ ಅದಾವಲ್ಲ."

ಎದ್ದು, ಪ್ಯಾಂಟಿನ ಮರಳು ಕೊಡವಿ, ಬಿಲ್ಲೆಯನ್ನು ಮತ್ತೆ ಅವನ ಕಡೆ ಚಾಚಿದ.

ಮಾತುಕತೆಯ ಕೊನೆಯಲ್ಲಿ ದಿನ ಮತ್ತು ಹೊತ್ತನ್ನು ಇಬ್ಬರಿಂದಲೂ ಬೇರೆ ಬೇರೆಯಾಗಿ ಕೇಳಲಾಯಿತು, ಉತ್ತರಗಳು ಹೊಂದಿಕೊಂಡವು. ಅದರಂತೆ ದಾಖಲಾದದ್ದು: 1997ರ ಮಾರ್ಚ್ 18, ಮಂಗಳವಾರ, ಹತ್ತು ಗಂಟೆಯ ಚಹದ ತರುವಾಯ ನಿಂಗರಾಜ ಎರಡನೆಯ ಸಲ ಪಾತ್ರೆಗೆ ಇಳಿದ, ಮಧ್ಯಾಹ್ನದ ಬಾಂಗಿಗೆ ಮೊದಲು ಕೆಲಸ ಮುಗಿಸಿ ಹೊರಬಂದ, ಬಾಯಿಯ ಕಾವಲು, ಗುರುಪಾದಪ್ಪ.